ಹದಿನೆಂಟು ಹೊಡೆದು ನಲವತ್ತೊಂದು

ಆ ದಿನ ಮಂಗಳವಾರ. ಗಂಗುಬಾಯಿ ಗಂಡನ ಧೋತರ ಹಿಡಿದು ಪಡಸಾಲೆಗೆ ಬಂದಳು. ಗಂಜಿ ಹಾಕಿ, ನೆರಳಿಗೆ ಒಣಗಿಸಿ, ಮಡಚಿಟ್ಟಿದ್ದ ಧೋತರ. ಒಂದೇ ಸಲ ಉಟ್ಟದ್ದು. ಅಂಚಿನ ಮೇಲೆ ಅಂಗೈಯಗಲದ ನೀಲಿ ಕಲೆ.

"ಇದೇನ್ರಿ?"

"ಅಯೋಡಿನ. ಶೀಶೆ ವಾಲಿ ಹನಿ ಬಿತ್ತು."

"ಅದು ಕೆಂಪಿರ್ತದಲ್ಲ. ಇದು ನೀಲಿ ಅದ."

"ಗಂಜಿ ಕಂಡ್ರ ಅದು ನೀಲಿ ಆಗ್ತದ. ಅದರ ಗುಣ ಹಂಗ. ನೀ ನನ್ನ ಕಂಡ್ರ ಕೆಂಪಾಗ್ತಿ ನೋಡು, ಹಂಗ."

"ಮಾತಿಗೇನು ಬರಗಾಲ ಇಲ್ಲ ನಿಮಗ. ಈ ಕಲಿ ಹೋಗಂಗಿಲ್ಲ. ಏನ್ ಮಾಡ್ಲಿ?"

"ಇರ್ಲಿ ಬಿಡು. ದವಾಖಾನಿ ಮುನ್ಷಿ ಬರಾಕತ್ತಾನ ಅಂತ ದೂರದಿಂದ್ಲೇ ಗೊತ್ತಾಗ್ಲಿ."

ಬೀರಲಿಂಗಪ್ಪ ನಗುತ್ತಾ ರೊಟ್ಟಿಯ ಮುಂದೆ ಕೂತ. ಗಂಗುಬಾಯಿ ನಗಲಿಲ್ಲ. ಅವಳಿಗೆ ಅಂದು ಸಿಟ್ಟಿತ್ತು. ಸಿಟ್ಟು ಧೋತರದ್ದಲ್ಲ, ತಂಬಿಗೆಯದು. ಆ ಮಾತು ಮುಂದೆ ಬರುತ್ತದೆ.

ಬೀರಲಿಂಗಪ್ಪ ಹುಟ್ಟಿದ್ದು ನರೋಣಾದಲ್ಲಿ. ಕುರಿ ಕಾಯುವ ಮನೆತನ. ಎಡಗಾಲು ಸೊಟ್ಟಗಿತ್ತು. ಕುರಿಯ ಹಿಂದೆ ಓಡಲಾರದವನು ಏನಾದರೂ ಬರೆದು ತಿನ್ನಲಿ ಎಂದು ಅಪ್ಪ ಆಳಂದದ ಸಾಲೆಗೆ ಹಚ್ಚಿದ. ಅಲ್ಲಿ ನಾಲ್ಕು ಇಯತ್ತೆ ಉರ್ದು ಕಲಿತ. ಆ ನಾಲ್ಕು ಇಯತ್ತೆಯ ಬಲದ ಮೇಲೆ ಅಫಜಲಪುರದಾಚೆಯ ಬೋರಿಹಾಳದ ದವಾಖಾನೆಯಲ್ಲಿ ಮುನ್ಷಿಯಾದ. ಭೀಮಾ ಹೊಳೆಯಾಚೆ ಜೇವರ್ಗಿ ಕಡೆಯ ಗಂಗುಬಾಯಿಯನ್ನು ಮದುವೆಯಾಗಿ ಕರೆತಂದ. ಮಕ್ಕಳಾಗಲಿಲ್ಲ. ಅದಕ್ಕಾಗಿ ಅವನು ಅವಳನ್ನು ಒಂದು ದಿನವೂ ಚುಚ್ಚಲಿಲ್ಲ.

ಅವನ ಕೆಲಸ ಇಷ್ಟು. ಬಂದವರ ಹೆಸರು, ಊರು, ವಯಸ್ಸು ಬರೆಯುವುದು. ಡಾಕ್ಟರರು ಬೇನೆಯ ಹೆಸರು ಹೇಳಿದರೆ ಗೋಡೆಗೆ ಹಚ್ಚಿದ ಯಾದಿಯಲ್ಲಿ ಅದರ ನಂಬರು ಹುಡುಕಿ ಹೆಸರಿನ ಮುಂದೆ ಹಾಕುವುದು. ಪಟಕಿ ಬೇನೆಗೆ, ಎಂದರೆ ಕಾಲರಾಕ್ಕೆ, ಎರಡು. ಸಿಡುಬಿಗೆ ಐದು. ತಿಂಗಳ ಕೊನೆಗೆ ಎಷ್ಟು ಎರಡು, ಎಷ್ಟು ಐದು ಎಂದು ಕೂಡಿಸಿ ಕಲಬುರ್ಗಿಗೆ ಕಳಿಸುವುದು. ಮೇಲಿನವರಿಗೆ ಮನುಷ್ಯರ ಹೆಸರು ಬೇಕಿರಲಿಲ್ಲ, ಅಂಕಿ ಬೇಕಿತ್ತು.

ಕೂಡಿಸುವಾಗ ಗಂಗುಬಾಯಿ ಜೊತೆಗೆ ಕೂಡುತ್ತಿದ್ದಳು. ಅವನು ಅಂಕಿ ಓದಿದಂತೆ ಅವಳು ಜೋಳದ ಕಾಳು ಬೇರೆ ಬೇರೆ ಗುಡ್ಡೆಗೆ ಹಾಕುತ್ತಿದ್ದಳು. ಹಾಗೆ ಹಾಕುತ್ತಾ ಅವಳಿಗೆ ಉರ್ದುವಿನ ಅಂಕಿಗಳು ಕಣ್ಣಿಗೆ ಕೂತವು. ಅಕ್ಷರ ಒಂದೂ ಬರುತ್ತಿರಲಿಲ್ಲ. ಅಂಕಿ ಮಾತ್ರ ನೂರರವರೆಗೆ ಓದುತ್ತಿದ್ದಳು. ಒಮ್ಮೊಮ್ಮೆ ಅವನ ಲೆಕ್ಕ ತಪ್ಪಿ ಇವಳ ಗುಡ್ಡೆ ಸರಿಯಾಗುತ್ತಿತ್ತು. ಆಗ ಅವನು, "ಮುನ್ಷಿ ನಾನಲ್ಲ, ನೀನ" ಎನ್ನುತ್ತಿದ್ದ.

ಕೊರಳಲ್ಲಿ ಗಡ್ಡೆಯಾಗಿ ಬರುವವರಿಗೆ ಯಾದಿಯಲ್ಲಿ ಎರಡು ಬೇರೆ ಬೇರೆ ನಂಬರು. ಹದಿನೆಂಟು ಎಂದರೆ ಕಂಠಮಾಲೆ. ಅದು ಕ್ಷಯದ ಒಡಹುಟ್ಟು, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂದು ಜನ ಹೆದರುತ್ತಾರೆ. ನಲವತ್ತೊಂದು ಎಂದರೆ ಗಳಗಂಡ. ಉಣ್ಣುವ ಅನ್ನದಲ್ಲಿ, ಕುಡಿಯುವ ನೀರಿನಲ್ಲಿ ಅಯೋಡಿನದ ಸತ್ವ ಸಾಲದೆ ಗಂಟಲು ಊದಿಕೊಳ್ಳುವುದು. ಅದು ಯಾರಿಗೂ ಅಂಟುವುದಿಲ್ಲ. ದಿನಕ್ಕೊಂದು ಹನಿ ಔಷಧ ನೀರಲ್ಲಿ ಹಾಕಿ ಕೊಟ್ಟರೆ ಎಷ್ಟೋ ಮಂದಿಗೆ ಇಳಿಯುತ್ತದೆ.

ಎರಡನ್ನೂ ಬೇರೆ ಮಾಡಿ ನೋಡುವ ದಾರಿ ಒಂದಿದೆ. ರೋಗಿಗೆ ಒಂದು ಗುಟುಕು ನೀರು ಕುಡಿಸಬೇಕು. ನುಂಗುವಾಗ ಗಡ್ಡೆ ಮೇಲೇರಿ ಇಳಿದರೆ ನಲವತ್ತೊಂದು. ಏರದೆ ಅಲ್ಲೇ ಕೂತರೆ ಹದಿನೆಂಟರ ಗುಮಾನಿ.

ನೀರು ಕುಡಿಸುವುದು ದವಾಖಾನೆಯ ಜವಾನ ಹುಸೇನಪೀರನ ಕೆಲಸ. ಊರಿನವರಿಗೆ ತಂಬಿಗೆಯಲ್ಲಿ ಕೊಡುತ್ತಿದ್ದ. ಕೇರಿಯವರಿಗೆ ಹೊರಗೆ ಬೇವಿನ ಮರದ ಕೆಳಗೆ, ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದ. ಅದು ಹುಸೇನಪೀರ ಹುಟ್ಟಿಸಿದ ಪದ್ಧತಿಯಲ್ಲ. ತಂಬಿಗೆ ಕೇರಿಯವರ ಬಾಯಿಗೆ ಹತ್ತಿದರೆ ಊರಿನವರು ದವಾಖಾನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಮುನ್ಷಿ ಕಿಟಕಿಯ ಒಳಗಿಂದ ನೋಡಿ ಬರೆದುಕೊಳ್ಳುತ್ತಿದ್ದ. ಡಾಕ್ಟರು ಹಳ್ಳಿಗೆ ಹೋದ ದಿನ ನಂಬರನ್ನೂ ಅವನೇ ಹಾಕುತ್ತಿದ್ದ. ಡಾಕ್ಟರು ಬಂದು ರುಜು ಹಾಕುತ್ತಿದ್ದರು.

ಆ ಬೇಸಿಗೆಯಲ್ಲಿ ಕೇರಿಯ ಹುಲೆಪ್ಪ ಒಬ್ಬನೇ ಬಂದು ಬೇವಿನ ಕೆಳಗೆ ನಿಂತ. ಅವನ ಮಗಳು ಮರೆಮ್ಮನಿಗೆ ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅವಳ ಹೆಸರಿನ ಮುಂದೆ ಬೀರಲಿಂಗಪ್ಪನೇ ಹದಿನೆಂಟು ಬರೆದಿದ್ದ. ಹದಿನೆಂಟರ ಹೆಸರುಗಳು ಊರೂರಿನ ಪೊಲೀಸ ಪಾಟೀಲರಿಗೆ ಹೋಗುತ್ತಿದ್ದವು. ಗೊಬ್ಬೂರಿನಲ್ಲಿದ್ದ ಮರೆಮ್ಮನ ಅತ್ತೆ ಮಾಣಿಕಮ್ಮನಿಗೆ ಸುದ್ದಿ ಮುಟ್ಟಿತು. ಅವಳು ಸೊಸೆಯನ್ನು ತವರಿಗೆ ಅಟ್ಟಿದಳು. ಎಂಟು ತಿಂಗಳ ಹೆಣ್ಣುಕೂಸನ್ನು ಎದೆಯಿಂದ ಕಿತ್ತು ತನ್ನ ಬಳಿ ಇಟ್ಟುಕೊಂಡು ಆಡಿನ ಹಾಲು ಹಾಕಿದಳು. ಗಂಡ ಚಂದ್ರಾಮ ಅವ್ವನ ಮುಂದೆ ಬಾಯಿ ತೆರೆಯಲಿಲ್ಲ.

ಹುಲೆಪ್ಪ ಬೇಡಲು ಬಂದಿರಲಿಲ್ಲ, ಕೇಳಲು ಬಂದಿದ್ದ.

"ಮುನ್ಷಿಯವ್ರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳು ಮನ್ಯಾಗ ನೀರು ಕುಡಿವಾಗ ಆ ಗಡ್ಡಿ ಮ್ಯಾಲ ಹೋಗಿ ಕೆಳಗ ಬರ್ತದರಿ. ಕಪ್ಪಿ ಜಿಗದಂಗ. ನಮ್ಮ ಕೇರ್ಯಾಗ ಕಂಠಮಾಲಿ ಆಗಿ ಸತ್ತ ಮುದುಕಿ ಒಬ್ಬಾಕಿ ಇದ್ಲು. ಆಕೀದು ಹಿಂಗ ಆಡ್ತಿದ್ದಿಲ್ಲರಿ."

ಬೀರಲಿಂಗಪ್ಪನ ಕೈಯಲ್ಲಿ ಬರೆಯುತ್ತಿದ್ದ ಟಾಕು ನಿಂತಿತು. ಏಳು ವರ್ಷ ಅವನು ಕಿಟಕಿಯಿಂದ ನೋಡಿದ್ದ. ಬೊಗಸೆಯಲ್ಲಿ ಕುಡಿಯುವವರು ಬಗ್ಗಿ ಕುಡಿಯುತ್ತಾರೆ. ಗದ್ದ ಎದೆಗೆ ಹತ್ತಿರುತ್ತದೆ. ಕೊರಳು ಕಾಣುವುದೇ ಇಲ್ಲ. ಏರಿತೋ ಇಳಿಯಿತೋ ನೋಡುವುದೆಲ್ಲಿಂದ? ಅವನು ಗಡ್ಡೆ ನೋಡಿದ್ದ, ಕೇರಿ ನೋಡಿದ್ದ, ಹದಿನೆಂಟು ಹಾಕಿದ್ದ.

ಅಂದೇ ಮನೆಗೆ ಬಂದು ಗಂಗುಬಾಯಿಯ ತಾಮ್ರದ ತಂಬಿಗೆ ಎತ್ತಿಕೊಂಡು ಹೋದ. ಅದು ಅವಳ ತವರಿನದು, ಮದುವೆಯಲ್ಲಿ ಅವ್ವ ಕೊಟ್ಟದ್ದು. ಹೊಟ್ಟೆಯ ಮೇಲೆ ಒಂದು ತಗ್ಗು ಇತ್ತು. ಹುಲೆಪ್ಪನಿಂದ ಮರೆಮ್ಮನನ್ನು ಕರೆಸಿ, ಅದರಲ್ಲಿ ನೀರು ತುಂಬಿ ಅವಳ ಕೈಗೆ ಕೊಟ್ಟು, "ತಲಿ ಎತ್ತಿ ಕುಡಿಯವ್ವ" ಎಂದ. ಅವಳು ಕುಡಿದಳು. ಗಡ್ಡೆ ಏರಿತು, ಇಳಿಯಿತು. ಜಹೀರುದ್ದೀನ ಡಾಕ್ಟರನ್ನು ಒಳಗಿಂದ ಕರೆದು ಇನ್ನೊಮ್ಮೆ ಕುಡಿಸಿ ತೋರಿಸಿದ. ಡಾಕ್ಟರು ಅಂದಿನಿಂದಲೇ ಹನಿ ಔಷಧ ಶುರು ಮಾಡಿದರು. ಬೀರಲಿಂಗಪ್ಪ ರಜಿಸ್ಟರಿನಲ್ಲಿ ತಾನೇ ಬರೆದ ಹದಿನೆಂಟನ್ನು ಹೊಡೆದು ಪಕ್ಕದಲ್ಲಿ ನಲವತ್ತೊಂದು ಬರೆದ.

ಆದರೆ ಹಳೆ ನಂಬರು ಆಗಲೇ ಮೇಲೆ ಹೋಗಿತ್ತು. ಕಲಬುರ್ಗಿಯ ದೊಡ್ಡ ಡಾಕ್ಟರು ಬಂದು ನೋಡಿ ಸಹಿ ಹಾಕದೆ ಹೊಸ ನಂಬರಿಗೆ ಬೆಲೆಯಿಲ್ಲ. ಅಂಟುವ ಬೇನೆಯಲ್ಲ ಎಂಬ ಕಾಗದ ಕೊಡುವಂತಿಲ್ಲ. ಮಾಣಿಕಮ್ಮ ಹೇಳಿ ಕಳಿಸಿದ್ದು ಒಂದೇ ಮಾತು: "ಮೋಹರು ಇದ್ದ ಕಾಗದ ತರ್ಲಿ, ಕೂಸಿನ ಮುಟ್ಲಿ."

ಸಂಜೆ ಅವನು ತಂಬಿಗೆ ಹಿಡಿದು ಮನೆಗೆ ಬಂದಾಗ ಗಂಗುಬಾಯಿ ಹೊಸ್ತಿಲಲ್ಲೇ ತಡೆದಳು.

"ಆ ತಂಬಗಿ ಒಳಗ ಬರಂಗಿಲ್ಲ."

"ಹುಣಸಿಹಣ್ಣು ಹಚ್ಚಿ ತಿಕ್ಕು."

"ತಿಕ್ಕಿದ್ರ ತಾಮ್ರ ಹೊಳಿತದ. ಮೈಲಿಗಿ ಹೋಗ್ತದೇನು? ನಮ್ಮವ್ವ ಕೊಟ್ಟ ಸಾಮಾನು ಅದು. ದವಾಖಾನ್ಯಾಗ ಬ್ಯಾರೆ ತಂಬಗಿ ಇದ್ದಿಲ್ಲೇನು?"

"ಇತ್ತು. ಅದನ್ನ ಕೊಟ್ರ ಊರವರು ದವಾಖಾನಿ ಬಿಡ್ತಾರ. ಇದನ್ನ ಕೊಟ್ರ ನೀ ನನ್ನ ಬಿಡಂಗಿಲ್ಲ ಅಂತ ತಗೊಂಡು ಹೋದೆ."

ಗಂಗುಬಾಯಿ ಬಾಗಿಲಿಗೆ ಅಡ್ಡ ನಿಂತೇ ಇದ್ದಳು. ಅವನು ತಂಬಿಗೆಯನ್ನು ಹೊರಗೆ ಕಟ್ಟೆಯ ಮೇಲಿನ ಗೂಡಿನಲ್ಲಿಟ್ಟ. ಅಂದಿನಿಂದ ಮೂರು ವಾರ ಅದರ ಜಾಗ ಅದೇ. ಬೆಳಿಗ್ಗೆ ಹೋಗುವಾಗ ಕೇರಿಯವರಿಗೆ ನೀರು ಕೊಡಲು ಒಯ್ಯುತ್ತಿದ್ದ, ಸಂಜೆ ತಂದು ಅಲ್ಲೇ ಇಡುತ್ತಿದ್ದ. ಅವಳು ಅದರ ಕಡೆ ನೋಡುತ್ತಿರಲಿಲ್ಲ. ಅವಳೂ ಊರಿನವಳೇ.

ಆ ಮಂಗಳವಾರ ರೊಟ್ಟಿ ಮುರಿಯುತ್ತಾ ಬೀರಲಿಂಗಪ್ಪ ಹೇಳಿದ.

"ಹಳೇ ರಜಿಸ್ಟರ ಎಲ್ಲಾ ತಗದು ನೋಡ್ದೆ ಗಂಗೂ. ಕೊಳ್ಳಾಗ ಗಡ್ಡಿ ಆದವರು ಮೂವತ್ತೊಂದು ಮಂದಿ. ಊರವರು ಹತ್ತೊಂಬತ್ತು, ಕೇರಿಯವರು ಹನ್ನೆರಡು. ಊರವರಿಗೆಲ್ಲಾ ನಲವತ್ತೊಂದು. ಕೇರಿಯವರಿಗೆಲ್ಲಾ ಹದಿನೆಂಟು. ಒಂದರೆ ಅದಲುಬದಲು ಇರಬೇಕಲ್ಲ? ಇಲ್ಲ. ಬ್ಯಾನಿಗೂ ಜಾತಿ ಅದ ಏನು?"

"ನೀವ ಬರದದ್ದು. ನಿಮಗ ಗೊತ್ತು."

"ಹೌದು. ಅರ್ಧ ನನ್ನ ಕೈಲೇ ಬರದದ್ದು." ಅವನು ನಗಲಿಲ್ಲ. "ದೊಡ್ಡ ಡಾಕ್ಟರ ಬರೋ ದಿನ ಎಲ್ಲಾರ್ನೂ ಕರೆಸಿ ನೀರು ಕುಡಸ್ತೇನಿ. ಆ ತಂಬಗಿ ತಿಕ್ಕಿಡು. ಅವತ್ತು ಹೊಳಿಬೇಕು."

"ನಾಳಿ ನೋಡೋಣು" ಎಂದಳು ಗಂಗುಬಾಯಿ.

ಹಿಂದಿನ ದಿನ ಅವನು ಡಾಕ್ಟರ ಜೊತೆ ಹೊಳೆ ದಂಡೆಯ ಒಂದು ಹಳ್ಳಿಗೆ ಹೋಗಿದ್ದ. ಅಲ್ಲಿ ಪಟಕಿ ಬೇನೆ ಬಿದ್ದಿತ್ತು, ಸತ್ತವರನ್ನು ಬರೆದುಕೊಳ್ಳಬೇಕಿತ್ತು. ಬಿಸಿಲು ಸುಡುತ್ತಿತ್ತು. ಕುಂಟುಕಾಲಲ್ಲಿ ನಡೆದು ನಡೆದು ಬಾಯಿ ಒಣಗಿ ಆ ಊರಿನ ಬಾವಿಯಲ್ಲಿ ನೀರು ಕುಡಿದಿದ್ದ.

ಬುಧವಾರ ಬೆಳಿಗ್ಗೆ ವಾಂತಿ ಶುರುವಾಯಿತು. ಮಧ್ಯಾಹ್ನಕ್ಕೆ ಕಣ್ಣು ಒಳಗೆ ಹೋದವು, ಬೆರಳು ನೀರಲ್ಲಿ ನೆನೆದಂತೆ ಸುಕ್ಕಾದವು. ಡಾಕ್ಟರು ಸೂಜಿಯಿಂದ ಉಪ್ಪುನೀರು ಏರಿಸಿದರು. ಗಂಗುಬಾಯಿ ಕಾಲು ತಿಕ್ಕುತ್ತಾ ಕೂತಳು. ಅವನ ದನಿ ಸಣ್ಣಗಾಗಿತ್ತು, ಆದರೆ ಮಾತು ನೆಟ್ಟಗಿತ್ತು.

"ಸಾಹೇಬ್ರ, ನಂದು ನಂಬರು ಎರಡು, ಪಟಕಿ. ತಪ್ಪು ಬರಿಬ್ಯಾಡ್ರಿ."

ಹೊತ್ತು ಮುಳುಗುವ ಮೊದಲೇ ಅವನು ತೀರಿಕೊಂಡ. ಮರುದಿನ ಜಹೀರುದ್ದೀನ ಡಾಕ್ಟರು ತಾವೇ ರಜಿಸ್ಟರ ತೆಗೆದು ಬರೆದರು. ಗಂಗುಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡನ ಹೆಸರು ಓದಲು ಬರಲಿಲ್ಲ. ಅದರ ಮುಂದಿನ ಅಂಕಿ ಓದಿದಳು, ಎರಡು. ಸರಿಯಾಗಿತ್ತು.

ಊರು ಬೇರೆ ಮಾತಾಡಿತು. ಹೇಳಿದವರಲ್ಲಿ ಮೊದಲಿಗ ಪೊಲೀಸ ಪಾಟೀಲ ದೇವೀಂದ್ರಪ್ಪ. "ಕೇರಿಯವರ ಎಂಜಲ ತಂಬಗಿ ಮನಿಗೆ ತಂದ್ರ ಮತ್ತೇನಾಗ್ತದ? ದೇವರು ಕಣ್ಣು ಮುಚ್ಚಿರ್ತಾನೇನು?" ನೆರೆಯ ಹೆಂಗಸರು ಬಂದು ಗಂಗುಬಾಯಿಯ ಕೈ ಹಿಡಿದು ಅತ್ತರು, ಹೊರಗೆ ಹೋಗುತ್ತಾ ಗೂಡಿನ ತಂಬಿಗೆ ನೋಡಿ ಸೆರಗು ಎಳೆದುಕೊಂಡರು. ಅದನ್ನು ಹೊಳೆಗೆ ಎಸೆ ಎಂದು ಒಬ್ಬಳು ಹೇಳಿಯೂ ಬಿಟ್ಟಳು.

ಗಂಗುಬಾಯಿ ಎಸೆಯಲಿಲ್ಲ. ಮುಟ್ಟಲೂ ಇಲ್ಲ.

ಐದನೇ ದಿನ ಹಿತ್ತಲ ಬಚ್ಚಲು ಹರಿಯುವಲ್ಲಿ ಯಾರೋ ನಿಂತಂತಾಯಿತು. ಮರೆಮ್ಮ. ಸಣ್ಣ ಪ್ರಾಯದವಳು. ಸೆರಗನ್ನು ಕೊರಳಿಗೆ ಸುತ್ತಿಕೊಂಡಿದ್ದಳು. ಕುಬಸದ ಎದೆ ಹಾಲಿಗೆ ನೆನೆದು ಒಣಗಿ ಬಿರುಸಾಗಿತ್ತು.

"ಯವ್ವಾ, ನಾ ಏನೂ ಕೇಳಾಕ ಬಂದಿಲ್ಲರಿ. ಮುನ್ಷಿಯವ್ರ ಮಣ್ಣಿಗೆ ಬಂದ್ರ ನಮ್ಮನ್ನ ದೂರ ನಿಲ್ಸಿದ್ರು. ಮಕ ನೋಡಾಕ ಆಗ್ಲಿಲ್ಲ. ನಿಮ್ಮ ಮಕ ಆದ್ರೂ ನೋಡಿ ಹೋಗ್ಬೇಕಂತ ಬಂದೆ."

"ನೋಡ್ದಿ. ಏನದ ನನ್ನ ಮಕದಾಗ?"

ಮರೆಮ್ಮ ಹೋಗಲು ತಿರುಗಿದಳು.

"ಕೂಸು ಹೆಂಗದ?"

"ನೋಡಾಕ ಬಿಡವಲ್ರು. ಅಮಾಸಿ ಆದ ಮ್ಯಾಲ ನಮ್ಮ ಮನಿಯವರಿಗೆ ಬ್ಯಾರೆ ಹೆಣ್ಣು ತರ್ತಾರಂತ. ಆಮ್ಯಾಲ ಕಾಗದ ತಂದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಅಮಾವಾಸ್ಯೆಗೆ ಒಂಬತ್ತು ದಿನ ಉಳಿದಿತ್ತು. ಗಂಗುಬಾಯಿ ಎದ್ದಳು. ಕಟ್ಟೆಗೆ ಹೋಗಿ ಗೂಡಿನಿಂದ ತಂಬಿಗೆ ತೆಗೆದಳು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ತಗ್ಗಿನ ಒಳಗೂ ಬೆರಳು ಹಾಕಿ ತಿಕ್ಕಿದಳು. ಅವನು ಇದ್ದಾಗ ತಿಕ್ಕಬೇಕಿತ್ತು. ನಾಳೆ ಎಂದಿದ್ದಳು. ನಾಳೆ ಬಂದಿತ್ತು, ಬೇರೆ ಕೆಲಸ ಹೊತ್ತು ಬಂದಿತ್ತು.

ಒಳಗಿನ ಕೊಡದಿಂದ ಕಾಯಿಸಿ ಆರಿಸಿದ ನೀರು ತುಂಬಿ ಮರೆಮ್ಮನ ಮುಂದೆ ಹಿಡಿದಳು.

"ಕುಡಿ. ತಲಿ ಎತ್ತಿ ಕುಡಿ."

ಮರೆಮ್ಮ ಬೊಗಸೆ ಒಡ್ಡಿದಳು.

"ಬೊಗಸಿ ಬ್ಯಾಡ. ತಂಬಗಿ ಹಿಡ್ಕೋ ಅಂದೆ."

ಮರೆಮ್ಮ ಕುಡಿದಳು. ಗಂಗುಬಾಯಿ ಹತ್ತಿರ ಹೋಗಿ ನೋಡಿದಳು. ಇಷ್ಟು ವರ್ಷ ಜೋಳದ ಕಾಳು ಹಾಕಿದ್ದಳು, ಹದಿನೆಂಟಕ್ಕೊಂದು ಗುಡ್ಡೆ, ನಲವತ್ತೊಂದಕ್ಕೊಂದು ಗುಡ್ಡೆ. ಕೊರಳು ನೋಡಿದ್ದು ಇದೇ ಮೊದಲು. ಏರಿತು. ಇಳಿಯಿತು.

"ನಿಂದು ನಲವತ್ತೊಂದು" ಎಂದಳು ಗಂಗುಬಾಯಿ. ಮರೆಮ್ಮ ಹೋದ ಮೇಲೆ ತಂಬಿಗೆ ತೊಳೆದು, ಒಳಗೆ ಒಯ್ದು, ತನ್ನ ಕೊಡದ ಮೇಲೆ ಬೋರಲು ಹಾಕಿದಳು.

ಮರುದಿನ ಡಾಕ್ಟರ ಬಿಡಾರಕ್ಕೆ ಹೇಳಿ ಕಳಿಸಿದಳು. ಜಹೀರುದ್ದೀನರು ತಾವೇ ಬಂದು ಕಟ್ಟೆಯ ಕೆಳಗೆ ನಿಂತರು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ.

"ದೊಡ್ಡ ಡಾಕ್ಟರ ಯಾವಾಗ ಬರ್ತಾರ್ರಿ?"

"ಪಟಕಿ ಸಲುವಾಗಿ ಊರೂರು ದೌರಾ ಮ್ಯಾಲ ಬರಾಕತ್ತಾರ ಭಾಭಿ. ಮೂರು ದಿನಕ್ಕ ಇಲ್ಲಿರ್ತಾರ."

"ಮರೆಮ್ಮಂದು ಸಹಿ ಆಗ್ಬೇಕು."

ಡಾಕ್ಟರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಭಾಭಿ, ಮುನ್ಷಿಜೀ ಇದ್ರ ಮಾತು ಬ್ಯಾರೆ ಇತ್ತು. ರಜಿಸ್ಟರದಾಗ ನಂಬರು ಹೊಡದು ಕಾಟು ಹಾಕ್ಯಾರ. ಯಾಕ ಹಾಕಿದ್ರು ಅಂತ ಕೇಳಿದ್ರ ಜವಾಬು ಕೊಡಾಕ ಅವರಿಲ್ಲ. ಸತ್ತವರ ಹೆಸರಿಗೆ ಕಳಂಕ ಬರೋದು ಬ್ಯಾಡ. ಆ ಪುಟ ಹಂಗೇ ಬಿಡೋಣ್ರಿ."

"ಹಂಗ ಬಿಟ್ರ ಕಳಂಕ ಹೋಗ್ತದೇನ್ರಿ? ಕೇರಿ ತಂಬಗೀಲೆ ಸತ್ತ ಅಂತ ಊರೆಲ್ಲಾ ಅನ್ನಾಕತ್ತದ. ಅವರು ಆ ಹಳ್ಳ್ಯಾಗ ಬಾವಿ ನೀರು ಕುಡದದ್ದು ನಿಮಗ ಗೊತ್ತಿಲ್ಲೇನು?"

"ಗೊತ್ತದ. ನಾನ ಬ್ಯಾಡ ಅಂದೆ, ಕೇಳ್ಲಿಲ್ಲ."

"ಅದನ್ನ ಯಾರಿಗರೆ ಹೇಳೀರೇನು?"

ಡಾಕ್ಟರು ಟೊಪ್ಪಿಗೆ ಹಾಕಿಕೊಂಡು ಹೋದರು.

ದೊಡ್ಡ ಡಾಕ್ಟರು ಬಂದದ್ದು ಒಂಬತ್ತನೇ ದಿನ. ಗಂಡ ಸತ್ತವಳು ದಿನ ತುಂಬುವವರೆಗೆ ಹೊಸ್ತಿಲು ದಾಟಬಾರದು. ಗಂಗುಬಾಯಿ ತಲೆಯ ಮೇಲೆ ಕಾಯಿಸಿದ ನೀರಿನ ಕೊಡ, ಕೈಯಲ್ಲಿ ತಂಬಿಗೆ ಹಿಡಿದು ದಾಟಿದಳು. ಬೀದಿಯ ಎರಡೂ ಕಡೆ ಬಾಗಿಲುಗಳು ತೆರೆದವು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಕೊಡ ತುಂಬಿದ್ದಾಗ ದಾರಿ ನೋಡಬೇಕು.

ದವಾಖಾನೆಯ ಮುಂದೆ ಖುರ್ಚಿ ಹಾಕಿದ್ದರು. ದೊಡ್ಡ ಡಾಕ್ಟರು ನರೆಗೂದಲಿನವರು, ಚಷ್ಮಾ ಹಾಕಿದವರು. ಪಟಕಿಯ ಲೆಕ್ಕ ಕೇಳುತ್ತಿದ್ದರು. ಜಹೀರುದ್ದೀನರು ಪಕ್ಕದಲ್ಲಿ ನಿಂತಿದ್ದರು. ದೇವೀಂದ್ರಪ್ಪ ಪೊಲೀಸ ಪಾಟೀಲನ ರುಮಾಲು ಸುತ್ತಿ ಮುಂದೆಯೇ ಇದ್ದ. ಬೇವಿನ ಕೆಳಗೆ ಹುಲೆಪ್ಪ, ಅವನ ಹಿಂದೆ ಮರೆಮ್ಮ.

ಗಂಗುಬಾಯಿ ಕೊಡ ಇಳಿಸಿದಳು.

"ಸಾಹೇಬ್ರ, ನಾನು ಬೀರಲಿಂಗಪ್ಪನ ಹೇಣ್ತಿ. ನನ್ನ ಗಂಡ ಒಂದು ನಂಬರು ತಪ್ಪು ಬರದಿದ್ದ. ತಪ್ಪು ಗೊತ್ತಾದ ಮ್ಯಾಲ ಹೊಡದು ಸರಿ ಬರದಾನ. ನಿಮ್ಮ ಸಹಿ ಬೇಕು."

ದೇವೀಂದ್ರಪ್ಪ ಬಾಯಿ ಹಾಕಿದ. "ಏ ಗಂಗವ್ವ, ಮೈಲಿಗಿ ದಿನದಾಗ ಹೊರಗ ಬಂದಿ. ಮತ್ತ ಅದೇ ತಂಬಗಿ ಹಿಡ್ಕೊಂಡು ಬಂದಿ. ಗಂಡನ್ನ ತಿಂದದ್ದು ಸಾಕಾಗಿಲ್ಲೇನು ಅದಕ್ಕ?"

ಗಂಗುಬಾಯಿ ಅವನ ಕಡೆ ತಿರುಗಲಿಲ್ಲ. ಜಹೀರುದ್ದೀನರ ಕಡೆ ನೋಡಿದಳು. ಬರೀ ನೋಡಿದಳು.

ಜಹೀರುದ್ದೀನರು ಗಂಟಲು ಸರಿಮಾಡಿಕೊಂಡರು. "ಪಾಟೀಲ್ರ, ಮುನ್ಷಿಜೀ ಬಾವಿ ನೀರು ಕುಡದು ಸತ್ತಾರ. ಪಟಕಿ ಬಿದ್ದ ಊರಿನ ಬಾವಿ. ನನ್ನ ಕಣ್ಣಾರೆ ಕಂಡೇನಿ. ಈ ತಂಬಗಿಗೂ ಅದಕ್ಕೂ ಸಂಬಂಧ ಇಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವರ ಹಣೆ ಬೆವರಿತ್ತು. ಮುಂದಿನದನ್ನು ಉರ್ದುವಿನಲ್ಲಿ ದೊಡ್ಡವರಿಗೆ ಹೇಳಿದರು. ಈ ಸಲ ತಡವರಿಸಲಿಲ್ಲ.

ದೊಡ್ಡ ಡಾಕ್ಟರು ರಜಿಸ್ಟರ ತರಿಸಿದರು. "ಕಾಟು ಎಲ್ಲಿ?"

ಜಹೀರುದ್ದೀನರು ಪುಟ ತಿರುವಲು ಶುರು ಮಾಡಿದರು. ಗಂಗುಬಾಯಿ ಬಗ್ಗಿ ನೋಡುತ್ತಿದ್ದವಳು ಬೆರಳಿಟ್ಟಳು. "ಇಲ್ಲೇ ಅದರಿ. ಇದು ಹದಿನೆಂಟು. ಇದರ ಮಗ್ಗಲಿಗೆ ನಲವತ್ತೊಂದು. ಎರಡೂ ಅವರ ಕೈಬರಹ. ಅವರು ಬರಿಯೋ ಒಂದರ ಬಾಲ ಉದ್ದ ಇರ್ತದ."

"ನಿನಗ ಓದಾಕ ಬರ್ತದ?"

"ಅಂಕಿ ಬರ್ತದ್ರಿ. ಅಕ್ಷರ ಬರಂಗಿಲ್ಲ."

"ಹದಿನೆಂಟು ಯಾಕ ತಪ್ಪು?"

"ಬೊಗಸ್ಯಾಗ ಕುಡಿಸಿದ್ರು. ಬಗ್ಗಿ ಕುಡದ್ರ ಕೊಳ್ಳು ಕಾಣಂಗಿಲ್ಲ. ಕಾಣದದ್ದನ್ನ ಕಂಡಂಗ ಬರದ್ರು. ಈಗ ನೋಡ್ರಿ."

ಅವಳು ಮರೆಮ್ಮನನ್ನು ಕರೆದಳು. ಮರೆಮ್ಮ ಬೇವಿನ ನೆರಳು ದಾಟಿ ಖುರ್ಚಿಯವರೆಗೆ ಬಂದಳು. ಸೆರಗು ಸಡಿಲಿಸಿದಳು. ತಂಬಿಗೆ ಹಿಡಿದಳು, ತಲೆ ಎತ್ತಿದಳು, ಕುಡಿದಳು. ದೊಡ್ಡ ಡಾಕ್ಟರು ಚಷ್ಮಾ ಮೇಲೆ ಮಾಡಿ ನೋಡಿದರು. ಎದ್ದು ಬಂದು ಎರಡು ಬೆರಳು ಗಡ್ಡೆಯ ಮೇಲಿಟ್ಟು, "ಇನ್ನೊಂದು ಗುಟುಕು" ಎಂದರು. ಕುಡಿದಳು. ಬೆರಳೂ ಗಡ್ಡೆಯ ಜೊತೆ ಏರಿ ಇಳಿಯಿತು.

"ಇದು ಕಂಠಮಾಲಿ ಅಂತ ಬರದವ ಯಾರು?"

"ನನ್ನ ಗಂಡ" ಎಂದಳು ಗಂಗುಬಾಯಿ. "ಹೊಡದವನೂ ಅವನ."

ತಂಬಿಗೆಯಲ್ಲಿ ಸ್ವಲ್ಪ ನೀರು ಉಳಿದಿತ್ತು. ಗಂಗುಬಾಯಿ ಅದನ್ನು ಮರೆಮ್ಮನ ಕೈಯಿಂದ ತೆಗೆದುಕೊಂಡು, ತಲೆ ಎತ್ತಿ, ಉಳಿದದ್ದನ್ನು ತಾನು ಕುಡಿದಳು. ಹುಲೆಪ್ಪ ಕಣ್ಣು ಮುಚ್ಚಿಕೊಂಡ. ದೇವೀಂದ್ರಪ್ಪನ ಬಾಯಿ ತೆರೆದೇ ಉಳಿಯಿತು.

"ಬಾಯಿ ಮುಚ್ಚರಿ ಪಾಟೀಲ್ರ" ಎಂದಳು. "ಬಾಯಿ ತಕ್ಕೊಂಡಿದ್ರ ಉಗಳು ನುಂಗಾಕ ಆಗಂಗಿಲ್ಲ. ನುಂಗಿ ನೋಡ್ರಿ, ನಿಮ್ಮ ಗಂಟಲೂ ಮ್ಯಾಲ ಕೆಳಗ ಆಡ್ತದ. ಎಲ್ಲಾರದೂ ಆಡ್ತದ."

ಹುಸೇನಪೀರ ಮುಸಿಮುಸಿ ನಕ್ಕ. ದೊಡ್ಡ ಡಾಕ್ಟರೂ ನಕ್ಕರು. ನಗುತ್ತಲೇ ಸಹಿ ಹಾಕಿದರು. ಮೋಹರು ಒತ್ತಿಸಿ ಬೇರೆ ಕಾಗದ ಬರೆಸಿ ಹುಲೆಪ್ಪನ ಕೈಗೆ ಕೊಡಿಸಿದರು.

ಗಂಗುಬಾಯಿ ಅಲ್ಲಿಂದ ಕದಲಲಿಲ್ಲ. "ಇನ್ನ ಹನ್ನೊಂದು ಹೆಸರು ಅವರಿ. ಎಲ್ಲಾ ಕೇರಿಯವರು. ಎಲ್ಲಾ ಹದಿನೆಂಟು."

"ನೋಡದೆ ಸಹಿ ಹಾಕಂಗಿಲ್ಲ" ಎಂದರು ದೊಡ್ಡ ಡಾಕ್ಟರು. "ಅದೇ ತಪ್ಪು ಮತ್ತ ಮಾಡ್ದಂಗ ಆಗ್ತದ. ಬದುಕಿದ್ದವರನ್ನ ಕರೆಸ್ರಿ. ಒಬ್ಬೊಬ್ಬರಿಗೂ ಹಿಂಗ ಕುಡಿಸಿ ನೋಡಿ ಬರೀರಿ. ಆದ್ರ ಕುಡಿಸೋರು ಯಾರು?"

ಹುಸೇನಪೀರ ನೆಲ ನೋಡಿದ.

"ನಾ ಕುಡಿಸ್ತೇನಿ" ಎಂದಳು ಗಂಗುಬಾಯಿ. "ತಂಬಗಿ ನಂದು."

ಹುಲೆಪ್ಪ ಮತ್ತು ಮರೆಮ್ಮ ಅಂದೇ ಗೊಬ್ಬೂರಿಗೆ ಹೊರಟರು. ಅಲ್ಲಿ ನಡೆದದ್ದನ್ನು ಹುಲೆಪ್ಪ ಆಮೇಲೆ ಬಂದು ಹೇಳಿದ. ಮಾಣಿಕಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳಂತೆ. ಓದಲು ಬರುವುದಿಲ್ಲ. ಊರಿನ ಮಾಸ್ತರರ ಹತ್ತಿರ ಓದಿಸಿದಳಂತೆ. ಆಮೇಲೂ, "ಮೋಹರು ಖರೇ ಅದ, ಆದ್ರ ಗಡ್ಡಿ ಹಂಗೇ ಅದಲ್ಲ" ಎಂದಳಂತೆ. ಆಗ ಚಂದ್ರಾಮ ಹುಟ್ಟಿದಾರಭ್ಯ ಮೊದಲ ಸಲ ಅವ್ವನ ಮುಂದೆ ಬಾಯಿ ತೆರೆದನಂತೆ: "ಗಡ್ಡಿ ಇರ್ಲಿ ಬಿಡಬೇ. ಕೂಸು ಕೊಡು." ಕೂಸು ಮೊದಲು ತಾಯಿಯನ್ನು ನೋಡಿ ಅತ್ತಿತು, ಗುರುತು ಹತ್ತಲಿಲ್ಲ. ಎದೆಗೆ ಹಚ್ಚಿಕೊಂಡ ಮೇಲೆ ಸುಮ್ಮನಾಯಿತು. ಹಾಲು ಇನ್ನೂ ಇತ್ತು.

ಹನ್ನೊಂದರಲ್ಲಿ ನಾಲ್ವರು ಸತ್ತಿದ್ದರು. ಅವರದು ಏನಿತ್ತೋ ಯಾರಿಗೂ ಗೊತ್ತಿಲ್ಲ, ಅವರ ಹದಿನೆಂಟು ಹಾಗೆಯೇ ಉಳಿದಿದೆ. ಉಳಿದ ಏಳು ಮಂದಿ ಬಂದು ಕುಡಿದರು. ಆರು ಮಂದಿಯ ಗಡ್ಡೆ ಏರಿ ಇಳಿಯಿತು. ಒಬ್ಬ ಮುದುಕನದು ಏರಲಿಲ್ಲ. ಅವನದು ಖರೇ ಹದಿನೆಂಟು. ಅವನಿಗೂ ಗಂಗುಬಾಯಿ ಅದೇ ತಂಬಿಗೆಯಲ್ಲಿ ಕೊಟ್ಟಳು. ಆಮೇಲೆ ಡಾಕ್ಟರು ಹೇಳಿದಂತೆ ತಂಬಿಗೆಯನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದಳು. ಊರಿನವರಿಗೆ ಕೊಟ್ಟ ಮೇಲೂ ಹಾಗೆಯೇ ಅದ್ದಿ ತೆಗೆಯುತ್ತಾಳೆ.

ಊರಿನವರು ಮೊದಲ ತಿಂಗಳು ದವಾಖಾನೆಗೆ ಬರಲಿಲ್ಲ. ಎರಡನೇ ತಿಂಗಳು ಮಲೇರಿಯಾ ಬಂತು. ಅವರೂ ಬಂದರು. ಬಾಯಾರಿದಾಗ ಗಂಗುಬಾಯಿ ಕೊಟ್ಟ ತಂಬಿಗೆಯಲ್ಲೇ ಕುಡಿದರು. ದೇವೀಂದ್ರಪ್ಪ ಮಾತ್ರ ಮನೆಯಿಂದ ತಂಬಿಗೆ ತರಿಸುತ್ತಿದ್ದ. ಒಂದು ದಿನ ಚಳಿಜ್ವರದಲ್ಲಿ ಅದನ್ನು ತರುವುದು ಮರೆತ. ಗಂಗುಬಾಯಿ ತನ್ನ ತಂಬಿಗೆ ತುಂಬಿದಳು. ನೀರು ಕೊಟ್ಟಳು.

ಮರೆಮ್ಮನ ಗಡ್ಡೆ ವರ್ಷ ತುಂಬುವಷ್ಟರಲ್ಲಿ ಅಡಕೆಯಷ್ಟಾಯಿತು. ಪೂರ್ತಿ ಹೋಗಲಿಲ್ಲ. ಅವಳು ಈಗ ಸೆರಗು ಸುತ್ತಿಕೊಳ್ಳುವುದಿಲ್ಲ.

ಐದು ವರ್ಷವಾಯಿತು. ನಿಜಾಮನ ಸರ್ಕಾರ ಹೋಯಿತು. ರಜಿಸ್ಟರ ಬದಲಾಯಿತು, ಹೊಸ ಮುನ್ಷಿ ಬಂದ. ಗೋಡೆಯ ಯಾದಿಯೂ ಬದಲಾಯಿತು. ಗಳಗಂಡಕ್ಕೆ ಈಗ ನಲವತ್ತೊಂದು ಅಲ್ಲ, ಬೇರೆ ನಂಬರು. ಗಂಗುಬಾಯಿ ಹೊಸ ಅಂಕಿಗಳನ್ನೂ ಕಲಿತಳು. ನಂಬರ ಬದಲಾದರೆ ಆಗಲಿ. ಗಂಟಲು ಬದಲಾಗಿಲ್ಲ.

ನೀಲಿ ಕಲೆಯ ಧೋತರವನ್ನು ಅವಳು ಯಾರಿಗೂ ಕೊಡಲಿಲ್ಲ. ಅದನ್ನು ನಾಲ್ಕು ತುಂಡು ಮಾಡಿ ನೀರು ಸೋಸುವ ಅರಿವೆ ಮಾಡಿಕೊಂಡಳು. ಮೂರು ಹರಿದು ಹೋದವು. ಒಂದಿದೆ. ಎಷ್ಟೋ ಒಗೆತಕ್ಕೆ ಕಲೆಯೂ ಹೋಯಿತು. ಹೋಗಂಗಿಲ್ಲ ಎಂದು ಅಂದು ಅವಳೇ ಹೇಳಿದ್ದಳು.

ದಿನಾ ಬೆಳಿಗ್ಗೆ, ದವಾಖಾನೆಯ ಬಾಗಿಲು ತೆರೆಯುವ ಮೊದಲು, ಗಂಗುಬಾಯಿ ಆ ಅರಿವೆಯಲ್ಲಿ ನೀರು ಸೋಸಿ ಕಾಯಿಸುತ್ತಾಳೆ. ಆರಿದ ಮೇಲೆ ಕೊಡ ಹೊತ್ತು ಹೋಗಿ ಬೇವಿನ ಕೆಳಗಲ್ಲ, ಪಡಸಾಲೆಯಲ್ಲಿ ಇಳಿಸುತ್ತಾಳೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯನ್ನು ಕೊಡದ ಮೇಲಿಡುತ್ತಾಳೆ. ಒಂದೇ ತಂಬಿಗೆ.